ಹಳೆಯ ಫ್ರಿಜ್ಜಿನ ನಿಜವಾದ ಬೆಲೆ

2025ರ ಏಪ್ರಿಲ್ ಸೆಕೆಯಲ್ಲಿ ನಮ್ಮ ಮನೆಯ ಫ್ರಿಜ್ ಕೈಕೊಟ್ಟಿತು. ಮುಂದೆ ಮಕ್ಕಳ ಸ್ಕೂಲ್ ಫೀ ಕಟ್ಟುವ ತಿಂಗಳು. ಹೊಸ ಸಿಂಗಲ್ ಡೋರ್ ಫ್ರಿಜ್‌ಗೆ 15 ಸಾವಿರ ಬೇಕಿತ್ತು. ಮೈಸೂರಿನ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಡಬಲ್ ಡೋರೇ 7 ಸಾವಿರಕ್ಕೆ ಸಿಕ್ಕಿತು. ಒಳಗೆ ದೀಪ ಹತ್ತುತ್ತಿತ್ತು, ಐಸ್ ಕಟ್ಟುತ್ತಿತ್ತು, ಮೈಗೆ ಹೊಸ ಬಣ್ಣ ಬಳಿದಿದ್ದರು. 8 ಸಾವಿರ ಉಳಿಯಿತೆಂದು ಗಂಡ ಹೆಂಡತಿ ಇಬ್ಬರೂ ಒಪ್ಪಿಯೇ ತಂದೆವು. ಅದು ಎಷ್ಟು ದುಬಾರಿ ಎಂಬುದು ಕರೆಂಟ್ ಬಿಲ್ ಬಂದಾಗ ಗೊತ್ತಾಯಿತು.

ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಮನೆಗೆ ಸಿಕ್ಕಿದ್ದು 2022–23ರ ಸರಾಸರಿ 140 ಯೂನಿಟ್, ಅದರ ಮೇಲೆ ಶೇ 10, ಒಟ್ಟು 154. ನಾವು ಉರಿಸುತ್ತಿದ್ದದ್ದು 150ರ ಆಸುಪಾಸು, ಹಾಗಾಗಿ ಬಿಲ್ ಸೊನ್ನೆ. 154 ದಾಟಿದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿತೋ, ಇಡೀ ಬಿಲ್ ನಮ್ಮ ತಲೆಗೆ. ಹಳೆಯ ಫ್ರಿಜ್ ಬಂದ ಮೇಲೆ 205 ಆಯಿತು. ಆಗಿನ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 1,189. ವಿದ್ಯುತ್ ನೌಕರರ ಪಿಂಚಣಿ ಸರ್ಚಾರ್ಜ್ 36 ಪೈಸೆಯಂತೆ 74. ಶೇ 9 ತೆರಿಗೆ 107. ಎರಡು ಕಿಲೋವಾಟ್‌ಗೆ ನಿಗದಿತ ಶುಲ್ಕ 290. ಒಟ್ಟು 1,660. ಸೊನ್ನೆಯಿದ್ದ ಕಡೆ 1,660! ಐದು ತಿಂಗಳು ಹೀಗೇ ಕಟ್ಟಿದರೆ 8,300. ಉಳಿಸಿದ್ದ 8 ಸಾವಿರ ಅಲ್ಲಿಗೆ ಮುಗಿಯಿತು. ಆರನೇ ತಿಂಗಳಿಂದ ಕಟ್ಟುವುದೆಲ್ಲ ಕೈಯಿಂದ.

ತಪ್ಪು ಫ್ರಿಜ್ಜಿನದೇ ಎಂದು ಖಾತ್ರಿ ಮಾಡಿಕೊಳ್ಳಲು ಒಂದು ರಾತ್ರಿ ಉಳಿದೆಲ್ಲ ಸ್ವಿಚ್ ಆರಿಸಿ ಮೀಟರ್ ಬರೆದಿಟ್ಟೆ. ಹತ್ತರಿಂದ ಬೆಳಗಿನ ಆರರೊಳಗೆ ಒಂದು ಯೂನಿಟ್ ಓಡಿತ್ತು. ದಿನಕ್ಕೆ ಮೂರು, ತಿಂಗಳಿಗೆ 90. ಹೊಸ ಸಿಂಗಲ್ ಡೋರ್ ಫ್ರಿಜ್ಜಿನ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೇ 200ಕ್ಕಿಂತ ಕಡಿಮೆ ಇರುತ್ತದೆ. ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆದು ನೋಡಿದೆ. ಒಂದಿಷ್ಟೂ ಹಿಡಿತವಿಲ್ಲದೆ ಜಾರಿಬಂತು. ಗ್ಯಾಸ್ಕೆಟ್ ಸತ್ತಿತ್ತು. ತಂಪೆಲ್ಲ ಅಲ್ಲೇ ಸೋರಿ, ಕಂಪ್ರೆಸರ್ ಒಂದು ನಿಮಿಷವೂ ಕಟ್ ಆಫ್ ಆಗುತ್ತಿರಲಿಲ್ಲ. ಕೊನೆಗೆ ಅದನ್ನು ಗುಜರಿಗೆ ಹಾಕಿ ಹೊಸದನ್ನೇ ತಂದೆವು.

ಹೊಸದು ಕೊಳ್ಳಲು ಹೋದಾಗ ಅಂಗಡಿಯವರು ಬಿಡದೆ ಹಿಂದೆ ಬಿದ್ದದ್ದು ನೋ ಕಾಸ್ಟ್ ಇಎಂಐಗೆ. ಈ ಹೆಸರು ಕೇಳಿದರೇ ನನಗೆ ಸಿಟ್ಟು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಗದಿಗೆ ಸಿಗಬೇಕಾದ ರಿಯಾಯಿತಿ ಹೋಯಿತು, ಪ್ರೊಸೆಸಿಂಗ್ ಫೀ ಬಂತು, ಕ್ರೆಡಿಟ್ ಕಾರ್ಡ್ ಆದರೆ ಬಡ್ಡಿಯ ಭಾಗದ ಮೇಲೆ ಶೇ 18 ಜಿಎಸ್‌ಟಿಯೂ ಸೇರಿತು. ಕಾಸ್ಟ್ ಇಲ್ಲದ್ದು ಎಲ್ಲಿ? ಕೂಡಿಟ್ಟದ್ದು ಸಾಲದಿದ್ದರೆ ಒಂದು ಬೇಸಿಗೆ ಮಣ್ಣಿನ ಮಡಕೆಯ ನೀರು ಕುಡಿದು, ದಿನದ ಹಾಲು ದಿನಕ್ಕೆ ತಂದು ಕಳೆಯುವುದೇ ಮೇಲು.

ಇಷ್ಟಾದರೂ ಸೆಕೆಂಡ್‌ಹ್ಯಾಂಡ್ ಮೇಲಿನ ನನ್ನ ನಂಬಿಕೆ ಕುಂದಿಲ್ಲ. ಪ್ಲಗ್ ಇಲ್ಲದ ವಸ್ತುವಾದರೆ ಹಳೆಯದನ್ನೇ ಹುಡುಕುತ್ತೇನೆ. ಹಳೆಯ ತೇಗದ ಮಂಚದ ಮುಂದೆ ಇವತ್ತಿನ ಪಾರ್ಟಿಕಲ್ ಬೋರ್ಡ್ ಮಂಚ ನಿಲ್ಲುವುದೇ ಇಲ್ಲ. ಒಮ್ಮೆ ನೀರು ಬಿದ್ದರೆ ಅದು ಉಬ್ಬುತ್ತದೆ. ಮಕ್ಕಳ ಸೈಕಲ್, ಹಿತ್ತಾಳೆ ಪಾತ್ರೆ, ಅಕ್ಕನ ಮಕ್ಕಳ ಯೂನಿಫಾರ್ಮು ಎಲ್ಲವೂ ನಮ್ಮ ಮನೆಗೆ ಬಂದಿವೆ. ಪಠ್ಯಪುಸ್ತಕದಲ್ಲಿ ಮಾತ್ರ ಎಚ್ಚರ ಬೇಕು. ಎನ್‌ಸಿಇಆರ್‌ಟಿ 2024ರಲ್ಲಿ 3 ಮತ್ತು 6ನೇ ತರಗತಿಗೆ, 2025ರಲ್ಲಿ 4, 5, 7, 8ನೇ ತರಗತಿಗೆ ಹೊಸ ಪುಸ್ತಕ ತಂದಿತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿದರೂ ಈ ತರಗತಿಗಳ ಹಳೆಯ ಪುಸ್ತಕ ಶಾಲೆಗೆ ಬಾರದು.

ನಾವು ತರಕಾರಿಯವಳ ಹತ್ತಿರ ಐದು ರೂಪಾಯಿಗೆ ಚೌಕಾಶಿ ಮಾಡುತ್ತೇವೆ. ತಿಂಗಳು ತಿಂಗಳು ದುಡ್ಡು ಕೇಳುವ ವಸ್ತುವನ್ನು ಮನೆಗೆ ತರುವಾಗ ಕಾಗದದ ಮೇಲೆ ನಾಲ್ಕು ಸಾಲು ಬರೆಯುವುದಿಲ್ಲ. ಖರ್ಚಿನ ಪುಸ್ತಕ ಇಡುವ ಅಭ್ಯಾಸ ನಮ್ಮ ತಾಯಂದಿರಿಗಿತ್ತು. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೇ ಬರೆಯುತ್ತಿದ್ದರು. ಆ ಅಭ್ಯಾಸ ನಮ್ಮ ಮಕ್ಕಳಿಗೂ ಬರಬೇಕು. ಸಂಬಳ ಬಂದ ವಾರ ಅಂಗಡಿಯ ಕಡೆ ಹೋಗದಿರುವುದನ್ನೂ ಅವರು ನಮ್ಮನ್ನು ನೋಡಿಯೇ ಕಲಿಯಬೇಕು.

ಹಳೆಯ ಫ್ರಿಜ್, ವಾಷಿಂಗ್ ಮಷೀನ್ ನೋಡಲು ಹೊರಟವರು ದಯವಿಟ್ಟು ಕಳೆದ ತಿಂಗಳ ಕರೆಂಟ್ ಬಿಲ್ ಜೊತೆಗೆ ಒಯ್ಯಿರಿ. ನಿಮ್ಮ ಬಳಕೆಗೂ 200ಕ್ಕೂ ನಡುವೆ ಎಷ್ಟು ಯೂನಿಟ್ ಉಳಿದಿದೆ ನೋಡಿ, ಆಮೇಲೆ ಬೆಲೆ ಕೇಳಿ.