ಬೆಳ್ಳಗಿರೋದೆಲ್ಲ ಹಾಲಲ್ಲ



‘ಬೆಳ್ಳಗಿರೋದೆಲ್ಲ ಹಾಲಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಮನುಷ್ಯರ ಗುಣದ ಬಗ್ಗೆ ಹೇಳಿದ ಈ ಮಾತು ಗಿಡಗಳಿಗೂ ಹೊಂದುತ್ತದೆ. ಎಲೆ ಮುರಿದರೆ ಬಿಳಿ ಹಾಲು ಸುರಿಸುವ ಗಿಡಗಳು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಇವೆ. ನಾವು ದಿನಾ ಅವುಗಳ ಪಕ್ಕದಲ್ಲೇ ನಡೆದು ಶಾಲೆಗೆ ಬರ್ತೀವಿ. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಈ ವಿಷಯ ಆರಿಸಿಕೊಂಡಿದ್ದೇನೆ.

ಹಾಲು ಯಾಕೆ ಬರುತ್ತದೆ?

ಇದು ಬೇರಿನಿಂದ ಎಲೆಗೆ ಹೋಗುವ ನೀರಲ್ಲ. ಇಂಥ ಗಿಡಗಳ ಮೈಯಲ್ಲಿ ಹಾಲಿಗೆಂದೇ ಬೇರೆ ಸಣ್ಣ ನಾಳಗಳಿರುತ್ತವೆ. ಹುಳ ಎಲೆ ಕಡಿದ ಕೂಡಲೇ ನಾಳ ಒಡೆದು ಹಾಲು ಹೊರಗೆ ಬರುತ್ತದೆ. ಗಾಳಿ ತಾಗಿ ಅದು ಅಂಟಾಗುತ್ತದೆ. ಹುಳದ ಬಾಯಿ ಮೆತ್ತಿಕೊಳ್ಳುತ್ತದೆ, ಗಿಡದ ಗಾಯವೂ ಮುಚ್ಚುತ್ತದೆ. ಕೆಲವು ಗಿಡಗಳ ಹಾಲಿನಲ್ಲಿ ವಿಷವೂ ಸೇರಿರುತ್ತದೆ. ಹಾಗಾಗಿ ಹಾಲು ಅಂದರೆ ಗಿಡದ ಕಾವಲುಗಾರ ಇದ್ದಂತೆ. ಅಮೆಜಾನ್ ಕಾಡಿನ ಮೂಲದ ರಬ್ಬರ್ ಮರದಿಂದ ತೆಗೆಯುವುದೂ ಇಂಥ ಹಾಲನ್ನೇ.

ಹಾಲೆಲ್ಲ ವಿಷವೇ?

ಅಲ್ಲ. ಹಲಸು, ಅತ್ತಿ, ಆಲ, ಚಿಕ್ಕು, ಪಪ್ಪಾಯಿ ಎಲ್ಲಕ್ಕೂ ಹಾಲಿದೆ. ಹಲಸಿನ ಹಣ್ಣು ಬಿಡಿಸುವಾಗ ಮೇಣ ಹತ್ತಬಾರದೆಂದು ಕೈಗೆ ಎಣ್ಣೆ ಸವರಿಕೊಳ್ಳುತ್ತೇವೆ, ಆಮೇಲೆ ಹೊಟ್ಟೆ ತುಂಬ ತಿನ್ನುತ್ತೇವೆ. ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿಗಳಿಗೆ ಅತ್ತಿ, ಆಲದ ಜಾತಿಯ ಹಣ್ಣುಗಳೇ ಮುಖ್ಯ ಊಟ. 2011ರಲ್ಲಿ ಈ ಹಕ್ಕಿಗಾಗಿಯೇ ಅಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು.

ಇನ್ನೊಂದು ಕಡೆ ಕಾಸರಕದ ಮರ ನೋಡಿ. ಅದಕ್ಕೆ ಬಿಳಿ ಹಾಲು ಇಲ್ಲ, ಆದರೆ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ ಇದೆ. ಆದ್ದರಿಂದ ಬರೀ ಹಾಲು ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ಒಂದೊಂದು ಗಿಡವನ್ನೂ ಗುರುತು ಹಿಡಿದು ಕಲಿಯಬೇಕು.

ಹುಷಾರಾಗಿರಬೇಕಾದ ನಾಲ್ಕು ಗಿಡಗಳು

1. ಎಕ್ಕ: ಹಳಿಯಾಳ, ಮುಂಡಗೋಡದ ಬಯಲು ಕಡೆ ಇದಕ್ಕೆ ಎಕ್ಕಿ ಗಿಡ ಅಂತೀವಿ. ಮರಾಠಿ ಮಾತಾಡುವವರು ರುಯಿ ಅಂತಾರೆ. ರಥಸಪ್ತಮಿಗೆ ಇದರ ಏಳು ಎಲೆ ಇಟ್ಟುಕೊಂಡು ಸ್ನಾನ ಮಾಡ್ತೀವಿ, ಹನುಮಪ್ಪನಿಗೆ ಹೂವಿನ ಹಾರ ಹಾಕ್ತೀವಿ. ಇದರ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ವಿಷ ಇದೆ. ಕಿತ್ತಳೆ ಬಣ್ಣದ, ರೆಕ್ಕೆಯ ತುದಿ ಕಪ್ಪಗಿರುವ ಒಂದು ಚಿಟ್ಟೆಯ ಮರಿಹುಳ ಮಾತ್ರ ಎಕ್ಕದ ಎಲೆ ತಿಂದೇ ಬೆಳೆಯುತ್ತದೆ. ಆ ವಿಷ ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳು ಆ ಚಿಟ್ಟೆಯನ್ನು ಮುಟ್ಟುವುದಿಲ್ಲ!

2. ಕಳ್ಳಿ: ಹೊಲದ ಬೇಲಿಗೆ ಹಚ್ಚುತ್ತಾರೆ. ಹಾಲು ಚರ್ಮಕ್ಕೆ ಹತ್ತಿದರೆ ಉರಿ ಬಂದು ಬೊಬ್ಬೆ ಏಳುತ್ತದೆ.

3. ಹಳದಿ ಕಣಗಿಲೆ: ಗುಡಿಯ ಮುಂದೆ, ಅಂಗಳದಲ್ಲಿ ಹೂವಿಗಾಗಿ ಬೆಳೆಸುತ್ತಾರೆ. ಅಮೆರಿಕ ಖಂಡದಿಂದ ಬಂದ ಗಿಡ ಇದು. ಇದರ ಎಲ್ಲ ಭಾಗವೂ ವಿಷ, ಬೀಜವಂತೂ ಬಹಳ ವಿಷ. ತಿಂದರೆ ಹೃದಯದ ಬಡಿತ ತಪ್ಪಿ ಜೀವವೇ ಹೋಗಬಹುದು. ಕಾಯಿ ಆರಿಸಿ ಆಟಕ್ಕೆ ಇಟ್ಟುಕೊಳ್ಳುವ ಚಿಕ್ಕ ಮಕ್ಕಳಿಗೆ ಇದನ್ನು ತಿಳಿಸಿ ಹೇಳಬೇಕು.

4. ಕಾಡುಹರಳು: ಇದೂ ಬೇಲಿಯ ಗಿಡ. ಇದರ ರಸ ತೆಳ್ಳಗೆ, ನೊರೆನೊರೆಯಾಗಿರುತ್ತದೆ. ತೊಟ್ಟು ಮುರಿದು ಊದಿ ಗುಳ್ಳೆ ಬಿಡುವ ಆಟ ನಮಗೆಲ್ಲ ಗೊತ್ತು. ಬೀಜ ಬಾಯಿಗೆ ರುಚಿ ಅನಿಸುತ್ತದೆ, ಮೋಸ ಇರುವುದೇ ಅಲ್ಲಿ. ತಿಂದ ಸ್ವಲ್ಪ ಹೊತ್ತಿಗೆ ಹೊಟ್ಟೆನೋವು, ವಾಂತಿ, ಭೇದಿ ಶುರು.

ಎಲ್ಲಕ್ಕಿಂತ ಮುಖ್ಯ, ಕಣ್ಣು

ಕಾಲಿಗೆ ಮುಳ್ಳು ಚುಚ್ಚಿದರೆ ಎಕ್ಕದ ಹಾಲು ಹಚ್ಚುವ ರೂಢಿ ನಮ್ಮಲ್ಲಿದೆ. ಅದೇ ಬೆರಳಿನಿಂದ ಕಣ್ಣು ಉಜ್ಜಿಕೊಂಡರೆ ಏನಾಗುತ್ತದೆ ಗೊತ್ತೇ? ಕಳ್ಳಿಯ ಹಾಲು ಬಿದ್ದರೆ ಕಣ್ಣು ಬೆಂಕಿ ಬಿದ್ದಂತೆ ಉರಿಯುತ್ತದೆ, ಹಾಗಾಗಿ ಯಾರೂ ಸುಮ್ಮನಿರುವುದಿಲ್ಲ. ಎಕ್ಕದ ಹಾಲಿನ ರೀತಿಯೇ ಬೇರೆ. ಎಷ್ಟೋ ಸಲ ನೋವೇ ಇರುವುದಿಲ್ಲ, ನೋಟ ಮಾತ್ರ ಮಂಜಾಗುತ್ತದೆ. ಕಾರ್ನಿಯಾ ಎಂಬ ಗಾಜಿನಂಥ ಪೊರೆಯ ಒಳಪದರಕ್ಕೆ ಪೆಟ್ಟಾಗಿ ಅದು ಊದಿಕೊಳ್ಳುವುದೇ ಇದಕ್ಕೆ ಕಾರಣ. ‘ನೋವಿಲ್ಲ, ನಾಳೆ ನೋಡೋಣ’ ಅಂದರೆ ದೃಷ್ಟಿಗೇ ತೊಂದರೆಯಾಗಬಹುದು.

ಏನು ಮಾಡಬೇಕು?

* ಕಣ್ಣಿಗೆ ಹಾಲು ಬಿದ್ದರೆ ಉಜ್ಜಬಾರದು. ಕೂಡಲೇ ಶುದ್ಧ ನೀರು ಸುರಿದುಕೊಂಡು 15ರಿಂದ 20 ನಿಮಿಷ ತೊಳೆಯಬೇಕು. ನಮ್ಮ ಎಷ್ಟೋ ಹಳ್ಳಿಗಳಿಂದ ಆಸ್ಪತ್ರೆ ದೂರ. ಅಲ್ಲಿಗೆ ಮುಟ್ಟುವ ತನಕ ನೀರೇ ಔಷಧ.
* ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಕಣ್ಣಿಗೆ ಹಾಕಬಾರದು.
* ತೊಳೆದ ಮೇಲೆ ನೋವಿರಲಿ ಇಲ್ಲದಿರಲಿ, ಡಾಕ್ಟರಿಗೆ ತೋರಿಸಬೇಕು.
* ಬೀಜ ತಿಂದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, 108ಕ್ಕೆ ಫೋನ್ ಮಾಡಬೇಕು.
* ಆ ಗಿಡದ ಟೊಂಗೆ, ಕಾಯಿ ಸಂಗಡ ಒಯ್ಯಬೇಕು. ನಮ್ಮಲ್ಲಿ ಕನ್ನಡ, ಕೊಂಕಣಿ, ಮರಾಠಿ ಎಲ್ಲ ಇವೆ. ಹೆಸರು ಹೇಳಿದರೆ ಡಾಕ್ಟರಿಗೆ ತಿಳಿಯದೇ ಹೋಗಬಹುದು, ಟೊಂಗೆ ನೋಡಿದರೆ ಗುರುತು ಸಿಗುತ್ತದೆ.
* ಎಕ್ಕದ ಹೂವು, ಎಲೆ ಕಿತ್ತ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ನಮ್ಮ ಅವ್ವ ರಥಸಪ್ತಮಿಯ ಎಲೆಗಳನ್ನೂ ನೀರಲ್ಲಿ ಜಾಲಿಸಿಯೇ ಕೊಡುತ್ತಾಳೆ.

ಗಿಡಗಳ ಮೇಲೆ ಸಿಟ್ಟು ಬೇಡ, ಕಡಿದು ಹಾಕುವುದೂ ಬೇಡ. ಅವು ತಮ್ಮ ಜೀವ ಕಾಪಾಡಿಕೊಳ್ಳುತ್ತಿವೆ, ನಮ್ಮ ಕಣ್ಣು ನಾವು ಕಾಪಾಡಿಕೊಳ್ಳೋಣ. ಈ ನಾಲ್ಕು ಗಿಡಗಳಿಗೆ ನಿಮ್ಮ ಮನೆಯಲ್ಲಿ ಏನು ಹೆಸರು ಅಂತ ಒಂದು ಚೀಟಿಯಲ್ಲಿ ಬರೆದು ಈ ಲೇಖನದ ಕೆಳಗೆ ಅಂಟಿಸಿ. ಒಂದನೇ ಎರಡನೇ ತರಗತಿಯ ತಮ್ಮ ತಂಗಿಯರಿಗೆ ಇದನ್ನು ಓದಿ ಹೇಳುವುದು ನಮ್ಮೆಲ್ಲರ ಕೆಲಸ.