ಮಕ್ಕಳಿಗೆ ಕಥೆಯ ಕ್ರಮವನ್ನು ಕಲಿಸುವ ವಿಷಯ

ಪಾಠಭಾಗ: ಲೂಕನ ಸುವಾರ್ತೆ 15ನೆಯ ಅಧ್ಯಾಯ, 1–2 ಮತ್ತು 11–32 ವಚನಗಳು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ಕಥೆಗಳಿಗೆ ಬರವಿಲ್ಲ. ಬೀಸುವ ಕಲ್ಲಿನ ಮುಂದೆ ತಾಯಂದಿರು ಹಾಡಿದ ಪದಗಳನ್ನು ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಆ ಹಲಸಂಗಿಯು ಆಗ ಇಂಡಿ ತಾಲೂಕಿನಲ್ಲಿತ್ತು. ಓದು ಬಾರದವರ ಬಾಯಲ್ಲಿ ಇಷ್ಟು ಸಂಪತ್ತು ಇದ್ದ ನಾಡಿನಲ್ಲಿ ನಮ್ಮ ಮಕ್ಕಳು ಒಂದು ಸಂಗತಿಯನ್ನು ಮೊದಲಿನಿಂದ ಕಡೆಯ ವರೆಗೆ ಹೇಳಲಾರದೆ ತಡವರಿಸುವದು ಯಾಕೆ? ಅವರಲ್ಲಿ ಕಥೆ ಇಲ್ಲವೆಂದಲ್ಲ. ಕ್ರಮವನ್ನು ಯಾರೂ ತೋರಿಸಲಿಲ್ಲ.

ಇದು ಸಣ್ಣ ಮಾತಲ್ಲ. ತಂದೆತಾಯಿಗಳ ಸಂಗಡ ಕಬ್ಬು ಕಡಿಯುವ ಸೀಮೆಗೆ ಹೋಗಿ ಶಾಲೆ ತಪ್ಪಿದ ಹುಡುಗನನ್ನು ‘ಯಾಕೆ ಬರಲಿಲ್ಲ?’ ಎಂದು ಕೇಳಿದರೆ, ‘ಎತ್ತು ಸತ್ತಿತು’ ಎಂದಷ್ಟೇ ಹೇಳಿ ತಲೆ ತಗ್ಗಿಸುವನು. ಎತ್ತು ಸತ್ತದ್ದರಿಂದ ಸಾಲವಾಯಿತು. ಸಾಲ ತೀರಿಸಲು ಮುಂಗಡ ಹಣ ತಕ್ಕೊಂಡರು. ಮನೆಯಲ್ಲಿ ನೋಡುವವರಿಲ್ಲದ್ದರಿಂದ ಅವನೂ ಹೋದನು. ಈ ಕೊಂಡಿಗಳು ಕಾಣದಿದ್ದರೆ ಕೇಳಿದವರು ಅವನನ್ನು ಮೈಗಳ್ಳನೆಂದು ಎಣಿಸುವರು.

ಆದದರಿಂದ ಕರ್ತನು ಹೇಳಿದ ಇಬ್ಬರು ಮಕ್ಕಳ ಸಾಮ್ಯವನ್ನು ಮಾದರಿಯಾಗಿ ಇಟ್ಟುಕೊಂಡು, ಕೈಬೆರಳುಗಳ ಮೇಲೆ ಕಲಿಸೋಣ. ಹಲಗೆ ಬಳಪ ಬೇಕಿಲ್ಲ.

ಹೆಬ್ಬೆರಳು: ಯಾರು? ಒಬ್ಬ ತಂದೆ, ಇಬ್ಬರು ಗಂಡುಮಕ್ಕಳು.

ತೋರುಬೆರಳು: ಏನು ಬಯಸಿದರು? ಕಿರಿಯವನು ತನ್ನ ಪಾಲನ್ನು ಕೇಳಿಕೊಂಡು ದೂರದೇಶಕ್ಕೆ ಹೊರಟನು.

ನಡುಬೆರಳು: ಏನು ಸಂಕಟ ಬಂತು? ಹಣ ತೀರಿತು, ಬರ ಬಿತ್ತು, ಹಂದಿ ಮೇಯಿಸುವ ಗತಿಯಾಯಿತು. ಇದು ಉದ್ದವಾದ ಬೆರಳು; ಕಥೆಯಲ್ಲಿಯೂ ಇಲ್ಲಿ ತುಸು ನಿಲ್ಲಬೇಕು.

ಉಂಗುರಬೆರಳು: ಏನು ತಿರುಗಿತು? ಅವನಿಗೆ ಬುದ್ಧಿ ಬಂತು. ಎದ್ದು ಮನೆಗೆ ಬಂದನು. ತಂದೆ ಓಡಿಬಂದು ಅಪ್ಪಿಕೊಂಡನು. ತಂದೆ ಅವನ ಕೈಗೆ ಉಂಗುರ ಇಡಿಸಿದ್ದನ್ನು ನೆನಪಿಸಿದರೆ ಮಕ್ಕಳು ಈ ಬೆರಳನ್ನು ಮರೆಯರು.

ಕಿರುಬೆರಳು: ಹೇಗೆ ಮುಗಿಯಿತು? ಮುಗಿತಾಯವು ಚಿಕ್ಕದಿರಲಿ. ಹಿರಿಯವನು ಸಿಟ್ಟಾಗಿ ಹೊರಗೆ ನಿಂತನು, ತಂದೆ ಬಂದು ಬೇಡಿಕೊಂಡನು. ಅವನು ಒಳಗೆ ಹೋದನೋ ಇಲ್ಲವೋ ಕರ್ತನು ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಇದಕ್ಕೆ ಅಂಗೈಯನ್ನು ನೋಡಬೇಕು. ಬೆರಳುಗಳೆಲ್ಲ ಅಂಗೈಯ ಮೇಲೆ ನಿಂತಿರುವಂತೆ, ಕಥೆಯು ‘ಯಾರಿಗಾಗಿ, ಯಾತಕ್ಕಾಗಿ?’ ಎಂಬುದರ ಮೇಲೆ ನಿಂತಿದೆ. ಈತನು ಪಾಪಿಗಳ ಸಂಗಡ ಊಟಮಾಡುತ್ತಾನೆಂದು ಗೊಣಗಿದವರಿಗೆ ಕರ್ತನು ಇದನ್ನು ಹೇಳಿದನು. ಒಳಗೆ ಬರುವದೋ ಹೊರಗೆ ನಿಲ್ಲುವದೋ, ಉತ್ತರ ಅವರದೇ. ಹೀಗಿರುವದರಿಂದ ಪ್ರತಿ ಕಥೆಯ ಕಡೆಗೆ ನೀತಿಯನ್ನು ಅಂಟಿಸಲು ಮಕ್ಕಳನ್ನು ಒತ್ತಾಯಿಸಬಾರದು.

ಕಲಿಸುವಾಗ ಮೊದಲು ಬೆರಳಿಗೊಂದರಂತೆ ಐದೇ ವಾಕ್ಯ ಹೇಳಿಸಿರಿ, ಆಮೇಲೆ ಬೆಳೆಸಿರಿ. ನಡುವೆ ತಿದ್ದಬೇಡಿರಿ; ‘ಆಮೇಲೆ ಏನಾಯಿತು? ಅದು ಯಾಕಾಯಿತು?’ ಎಂದು ಮಾತ್ರ ಕೇಳಿರಿ. ಮೊದಲನೆಯ ಪ್ರಶ್ನೆ ಸಂಗತಿಗಳನ್ನು ಸಾಲಾಗಿ ನಿಲ್ಲಿಸುವದು, ಎರಡನೆಯದು ಕೊಂಡಿ ಹಾಕುವದು. ನಡೆದ ಸಂಗತಿಯಾದರೆ ಅಂದಕ್ಕಾಗಿ ಏನನ್ನೂ ಕೂಡಿಸಬಾರದು. ಕಟ್ಟಿದ ಕಥೆಯಾದರೆ ಕಟ್ಟಿದ್ದೆಂದು ಹೇಳಬೇಕು. ಕ್ರಮವು ಸತ್ಯಕ್ಕೆ ಸೇವಕನೇ ಹೊರತು ಒಡೆಯನಲ್ಲ.

ಅಭ್ಯಾಸ:
1. ಕಳೆದುಹೋದ ಕುರಿಯ ಸಾಮ್ಯವನ್ನು (ಲೂಕ 15:3–7) ಬೆರಳುಗಳ ಮೇಲೆ ಹೇಳಿಸಿರಿ.
2. ಡೋಣಿ ಹೊಳೆಗೆ ನೆರೆ ಬಂದ ದಿನ ಮರಿಯನ್ನು ಹುಡುಕಿದ ಹುಡುಗಿಯ ಕಥೆಯನ್ನು ಮಕ್ಕಳಿಂದಲೇ ಕಟ್ಟಿಸಿರಿ.
3. ಪ್ರತಿಯೊಂದು ಮಗು ತನ್ನ ಮನೆಯ ಒಂದು ಸಂಗತಿಯನ್ನು ಹೇಳಲಿ. ಹಿರಿಯರು ಕಡೆಯ ವರೆಗೆ ಸುಮ್ಮನೆ ಕೇಳಲಿ.