ನಾನು ಬರೆದದ್ದೆಲ್ಲ ತೇಜಸ್ವಿ ಥರವೇ ಆಗುತ್ತದಲ್ಲ!

ಪ್ರಶ್ನೆ: ಪಿಯುಸಿಯಲ್ಲಿ ‘ಕರ್ವಾಲೊ’ ಓದಿದಾಗಿನಿಂದ ತೇಜಸ್ವಿ ನನ್ನ ತಲೆಯಲ್ಲಿ ಕೂತುಬಿಟ್ಟಿದ್ದಾರೆ. ಅವರ ಹಾಗೆ ಗಾಳ ಹಿಡಿದು ಹೊಳೆಗೆ ಹೋಗುತ್ತೇನೆ, ಹಕ್ಕಿಗಳ ಫೋಟೊ ತೆಗೆಯುತ್ತೇನೆ. ಕಥೆ ಬರೆದರೆ ಮಾತ್ರ ಸ್ನೇಹಿತರು ‘ತೇಜಸ್ವಿ ನಕಲು’ ಎಂದು ನಗುತ್ತಾರೆ. ಅಜ್ಜಿಯ ಊರು ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ್ದು ಬಿಟ್ಟರೆ ನಮ್ಮ ಮನೆಯಲ್ಲಿ ಕಥೆಯಾಗುವಂಥದ್ದು ಏನೂ ಇಲ್ಲ. ನೋಟ್‌ಬುಕ್ಕನ್ನು ಬಚ್ಚಲೊಲೆಗೆ ಹಾಕಿದೆ. ನಿದ್ದೆಯೂ ಬರುತ್ತಿಲ್ಲ.
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಬಚ್ಚಲೊಲೆಯ ಸಾಲು ಓದಿ ಸಂಕಟವಾಯಿತು. ಆಪ್ತರು ನಕ್ಕರೆ ಹೆಚ್ಚು ನೋವು. ನಿಮ್ಮ ಸ್ನೇಹಿತರು ಕೆಟ್ಟವರೆಂದು ನನಗನ್ನಿಸುವುದಿಲ್ಲ. ಕಂಡದ್ದನ್ನು ಸ್ವಲ್ಪ ಒರಟಾಗಿ ಹೇಳಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಲ್ಲಿ ಹುಟ್ಟಿ ಪೆನ್ನು ಹಿಡಿದವರಿಗೆ ಈ ಭಯ ಸಹಜವೇ. ಯಾವ ಗುಡ್ಡ ಹತ್ತಿದರೂ ಅಲ್ಲಿ ಯಾರೋ ದೊಡ್ಡವರು ಮೊದಲೇ ನಿಂತಿರುತ್ತಾರೆ!

ಆದರೆ ನಿಮಗಿಂತ ಇಕ್ಕಟ್ಟಿನ ಜಾಗದಲ್ಲಿ ಇದ್ದವರು ಸ್ವತಃ ತೇಜಸ್ವಿ. ನಿಮಗೆ ಅವರು ಪುಸ್ತಕದಲ್ಲಿ ಸಿಕ್ಕಿದರು. ಅವರಿಗೆ ಕುವೆಂಪು ಮನೆಯೊಳಗೇ ಓಡಾಡುತ್ತಿದ್ದ ‘ಅಣ್ಣ’, ಅಂದರೆ ಅಪ್ಪ. ಮೊದಮೊದಲು ತೇಜಸ್ವಿ ನವ್ಯರ ದಾರಿಯಲ್ಲಿ ಬರೆದರು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಬಂದಾಗ ಅದರ ಮುನ್ನುಡಿಯಲ್ಲಿ ಆ ದಾರಿಯಿಂದ ಹೊರಬಂದು, ತಮ್ಮನ್ನು ಗಾಢವಾಗಿ ತಟ್ಟಿದವರು ಲೋಹಿಯಾ, ಕುವೆಂಪು, ಕಾರಂತ ಎಂದು ಹೆಸರು ಹಿಡಿದೇ ಹೇಳಿದರು. ಮುಚ್ಚಿಡಲಿಲ್ಲ. ಕಾರಂತರಿಂದ ಪಡೆದದ್ದೇನು ಗೊತ್ತೇ? ಬದುಕಿನಲ್ಲೇ ಪ್ರಯೋಗ ಮಾಡಿ ನೋಡುವ ಗುಣ. ತೇಜಸ್ವಿ ಕಥೆಗಳಲ್ಲಿ ಕಾರಂತರ ವಾಕ್ಯ ಹುಡುಕಿದರೆ ಸಿಗುವುದು ಕಷ್ಟ. ಮೂಡಿಗೆರೆಗೆ ಹೋಗಿ ತೋಟ ಮಾಡಿದ ಆ ಧೈರ್ಯದಲ್ಲಿ ಕಾರಂತರು ಕಾಣುತ್ತಾರೆ. ಇನ್ನು ಅಪ್ಪನ ಕಾಡು ನೋಡಿ. ‘ಮಲೆಗಳಲ್ಲಿ ಮದುಮಗಳು’ 1967ರದ್ದು, ‘ಕರ್ವಾಲೊ’ 1980ರದ್ದು. ಅಪ್ಪ ಬೆರಗಿನಿಂದ ಕೈಮುಗಿದ ಕಾಡಿನೊಳಕ್ಕೆ ಮಗ ಜೇನು ಹಿಡಿಯುವ ಮಂದಣ್ಣನನ್ನು ಕರೆದುಕೊಂಡು, ನಗುತ್ತ, ಹಾರುವ ಓತಿ ಹುಡುಕಲು ಹೊರಟರು.

ಹಾಗಾಗಿ ಗಾಳ, ಕ್ಯಾಮೆರಾ ಯಾವುದನ್ನೂ ಬಿಡಬೇಡಿ. ತೇಜಸ್ವಿಯವರನ್ನು ತಲೆಯಿಂದ ಓಡಿಸುವುದೂ ಬೇಡ. ಅವರು ನೋಡದ ಕಡೆ ನೋಡಿ, ಸಾಕು. ಕಥೆಯಾಗುವಂಥದ್ದು ಏನೂ ಇಲ್ಲ ಎನ್ನುವ ಅದೇ ಸಾಲಿನಲ್ಲಿ ಒಂದು ಊರನ್ನೇ ಮುಳುಗಿಸಿ ಮುಂದೆ ಹೋಗಿದ್ದೀರಿ! ನನಗಂತೂ ಅಲ್ಲಿಂದಾಚೆ ಓದಲು ಮನಸ್ಸಾಗಲಿಲ್ಲ. ಈ ವಾರವೇ ಅಜ್ಜಿಯ ಹತ್ತಿರ ಕೂತುಕೊಳ್ಳಿ. ಮನೆ ಬಿಡುವಾಗ ಮೊದಲು ಏನನ್ನು ಹೊರಗಿಟ್ಟರು, ದನಗಳನ್ನು ಏನು ಮಾಡಿದರು, ಯಾರು ಬರಲೊಲ್ಲೆ ಎಂದು ಹಟ ಹಿಡಿದರು, ಕೇಳಿ. ಅವರು ಆಡಿದ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಸಾಗರದ ನಾ. ಡಿಸೋಜ ಮುಳುಗಡೆಯ ಬಗ್ಗೆ ‘ದ್ವೀಪ’ ಬರೆದಿದ್ದಾರಲ್ಲ ಎಂದು ಮತ್ತೆ ಹೆದರಬೇಡಿ. ನಿಮ್ಮ ಅಜ್ಜಿಯ ಕಥೆ ಅದರಲ್ಲಿಲ್ಲ. ನಿಮ್ಮದನ್ನು ಬರೆದ ಮೇಲೆ ಅದನ್ನು ಓದಿ.

ಬರೆದದ್ದನ್ನು ಸದ್ಯಕ್ಕೆ ಆ ಸ್ನೇಹಿತರಿಗೆ ತೋರಿಸಬೇಡಿ. ಹೆಗ್ಗೋಡಿನ ನೀನಾಸಂ ಕಡೆ ಹೋಗಿಬನ್ನಿ, ಓದುವವರ ಒಡನಾಟ ಸಿಕ್ಕೀತು.

ನಿದ್ದೆಯ ವಿಷಯ ಮಾತ್ರ ಬೇರೆ. ಹೀಗೆ ಎರಡು ವಾರ ಮೀರಿದ್ದರೆ, ಯಾವುದೂ ಬೇಡವೆನಿಸುತ್ತಿದ್ದರೆ, ಅದನ್ನು ಸಾಹಿತ್ಯದ ಕಷ್ಟ ಎಂದುಕೊಂಡು ಕೂರಬೇಡಿ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.